ಕಪಾಟಿನ ದಾಖಲೆ, ಊರಿನ ಕಲಿಕೆ

2002ರ ಜೀವವೈವಿಧ್ಯ ಕಾಯ್ದೆಯು ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ವಿಧಿಸಿತು. 2004ರ ನಿಯಮಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಆ ಸಮಿತಿಯ ಮುಖ್ಯ ಕರ್ತವ್ಯವೆಂದವು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2020ರ ಜನವರಿ 31ರ ಗಡುವು ನೀಡಿದ ಮೇಲೆ ಅನೇಕ ದಾಖಲಾತಿಗಳು ಅವಸರದಲ್ಲಿ ಸಿದ್ಧಗೊಂಡು ಪಂಚಾಯಿತಿಯ ಕಪಾಟು ಸೇರಿದವು. ದಾಖಲೆ ಮುಗಿಯಿತೆಂದರೆ ಊರು ಕಲಿಯಿತೆಂದು ಅರ್ಥವೇ?

ಅರಿವನ್ನು ಸಂಗ್ರಹಿಸಿ, ವಿಂಗಡಿಸಿ, ಬೇಕಾದವರ ಕೈಗೆ ಸಿಗುವಂತೆ ಇಡುವುದು ಜ್ಞಾನ ನಿರ್ವಹಣೆ. ಆ ಅರಿವಿನಿಂದ ಸಂಘವೊಂದು ತನ್ನ ನಡೆಯನ್ನು ತಿದ್ದಿಕೊಳ್ಳುವುದು ಸಾಂಸ್ಥಿಕ ಕಲಿಕೆ. ಮೊದಲನೆಯದು ಕಣಜ, ಎರಡನೆಯದು ಬಿತ್ತನೆ. ಕಣಜವಿಲ್ಲದೆ ಬೀಜವಿಲ್ಲ; ಬಿತ್ತದ ಬೀಜ ಕಣಜದಲ್ಲೇ ಮುಗ್ಗುತ್ತದೆ.

ಅಡಿಕೆಯ ಕೊಳೆರೋಗವನ್ನೇ ನೋಡೋಣ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು: ಇದನ್ನು ಕರಪತ್ರದಲ್ಲಿ ಬರೆಯಬಹುದು. ದ್ರಾವಣದಲ್ಲಿ ಅದ್ದಿದ ಹೊಳಪಿನ ಕಬ್ಬಿಣದ ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂಬುದನ್ನೂ ಬರೆಯಬಹುದು. ಆದರೆ ಮಳೆಯ ಬಿಡುವು ಗುರುತಿಸಿ ಮರವೇರುವ ಕೊನೆಗಾರನ ಅರಿವು ಪೂರ್ತಿಯಾಗಿ ಕಾಗದಕ್ಕೆ ಇಳಿಯದು. ಜೊತೆಯಲ್ಲಿ ದುಡಿದೇ ಅದು ಬರಬೇಕು.

ಸಾಂಸ್ಥಿಕ ಕಲಿಕೆಯನ್ನು ಕುರಿತು 1978ರಲ್ಲಿ ಗ್ರಂಥ ರಚಿಸಿದ ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶೋನ್ ಅವರು ಕಲಿಕೆಯಲ್ಲಿ ಎರಡು ಬಗೆಯನ್ನು ಗುರುತಿಸಿದರು. ಕೊಳೆ ಕಂಡಾಗ ಮತ್ತೊಮ್ಮೆ ಮದ್ದು ಹೊಡೆಯುವುದು ಮೊದಲ ಬಗೆ. ಮದ್ದಿನ ದಿನವನ್ನು ತಾರೀಖಿಗೆ ಕಟ್ಟಿದ್ದೇ ಸರಿಯೇ, ಮಳೆಯ ನಡೆಯನ್ನು ನೋಡಬೇಕಿತ್ತೇ ಎಂದು ರೂಢಿಯನ್ನೇ ಪ್ರಶ್ನಿಸುವುದು ಎರಡನೆಯದು. ಈ ಪ್ರಶ್ನೆಗೆ ಹಿಂದಿನ ವರ್ಷಗಳ ಮಳೆ, ಸಿಂಪಡಣೆ, ನಷ್ಟದ ಲೆಕ್ಕ ಬೇಕು. ದಾಖಲೆ ಮತ್ತು ಕಲಿಕೆ ಕೂಡುವುದು ಇಲ್ಲಿಯೇ.

ಸೊಪ್ಪಿನ ಬೆಟ್ಟಕ್ಕೂ ಇದೇ ಮಾತು ಸಲ್ಲುತ್ತದೆ. ಎಳೆಯ ಗಿಡಗಳು ಮೇಲೇಳುತ್ತಿಲ್ಲವೆಂದು ದಾಖಲಾತಿ ಹೇಳಿದರೂ ಸೊಪ್ಪು ಕಡಿಯುವ ಕ್ರಮ ಬದಲಾಗದಿದ್ದರೆ, ನಾವು ಬೆಟ್ಟದ ಅಳಿವನ್ನು ಅಚ್ಚುಕಟ್ಟಾಗಿ ಬರೆದಿಟ್ಟವರಾಗುತ್ತೇವೆ, ಅಷ್ಟೆ.

ಆದ್ದರಿಂದ ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ದಾಖಲಾತಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದೋಣ. ಏನು ಬದಲಾಗಿದೆ, ನಾವು ಏನನ್ನು ಬದಲಿಸಬೇಕು ಎಂಬ ಎರಡು ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರ ಬರೆಯೋಣ. ವಿದ್ಯಾರ್ಥಿಗಳು ಹಿರಿಯರೊಡನೆ ಬೆಟ್ಟ ಸುತ್ತಲಿ. ಅವರ ನೆನಪು ಅವರೊಂದಿಗೇ ಮರೆಯಾದರೆ, ಯಾವ ಕಪಾಟಿನಲ್ಲಿಯೂ ಅದು ಮತ್ತೆ ಸಿಗದು.