ಅಂಗಿಯ ಬಣ್ಣ ಬಲ್ಲವರಾರು?

ಕಳೆದ ಯುಗಾದಿಯ ಮಿಲನದಲ್ಲಿ ನಮ್ಮ ಸಂಘದ ಕಿರಿಯರು ಒಂದು ಚಿತ್ರಪ್ರದರ್ಶನವನ್ನು ಏರ್ಪಡಿಸಿದ್ದರು. ಮನೆಮನೆಯ ಟ್ರಂಕುಗಳಲ್ಲಿ ಮಲಗಿದ್ದ ಹಳೆಯ ಆಟದ ತಂಡಗಳ ಕಪ್ಪು-ಬಿಳುಪು ಫೋಟೋಗಳನ್ನು ಕೂಡಿಹಾಕಿ, ಕಂಪ್ಯೂಟರಿನಿಂದ ಬಣ್ಣ ಹಾಕಿಸಿ, ಗೋಡೆಯ ತುಂಬ ತೂಗಿಸಿದ್ದರು. ನಾವೂ ನೋಡಿ ಹಿಗ್ಗಿದೆವು. ಅರವತ್ತು ವರ್ಷ ಬೂದಿ ಬಳಿದುಕೊಂಡು ನಿಂತಿದ್ದವರೆಲ್ಲ ಆಗತಾನೆ ಮಿಂದು ಬಂದವರಂತೆ ಕಂಡರು!

ಅವುಗಳ ನಡುವೆ 1962ರಲ್ಲಿ ಹುಬ್ಬಳ್ಳಿಯಲ್ಲಿ ತೆಗೆಸಿದ ಫುಟ್‌ಬಾಲ್ ತಂಡದ ಚಿತ್ರವೊಂದಿತ್ತು. ಹನ್ನೊಂದು ಮಂದಿ, ಹನ್ನೊಂದು ನೀಲಿ ಅಂಗಿ. ಮೊಮ್ಮಗನ ಕೈ ಹಿಡಿದು ಬಂದ ಹಿರಿಯ ತಾಯಿಯೊಬ್ಬರು ಅದರ ಮುಂದೆ ನಿಂತರು. ಎಡದಿಂದ ಮೂರನೆಯವರು ಅವರ ಯಜಮಾನರು, ಈಗಿಲ್ಲ.

“ಮುಖವೇನೋ ಅವರದೇ,” ಎಂದರು. “ಅಂಗಿ ಮಾತ್ರ ಅವರದಲ್ಲ. ಅದು ಕುಂಕುಮಗೆಂಪು. ಭಾನುವಾರ ಸಂಜೆ ಒಗೆಯುತ್ತಿದ್ದವಳು ನಾನೇ ತಾನೆ? ಒಮ್ಮೆ ಬಣ್ಣ ಬಿಟ್ಟು ಮಾವನವರ ಧೋತರವೆಲ್ಲ ಗುಲಾಬಿಯಾಗಿ, ಎರಡು ದಿನ ಮನೆಯಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ!”

ಎಲ್ಲರೂ ನಕ್ಕರು, ನಾವೂ ನಕ್ಕೆವು. ಮನೆಗೆ ಬಂದ ಮೇಲೆ ಮಾತ್ರ ಆ ಮಾತು ನಮ್ಮನ್ನು ಬಿಡಲಿಲ್ಲ. ಆ ಅಂಗಿ ಕೆಂಪೆಂದು ಬಲ್ಲವರು ಇನ್ನೆಷ್ಟು ಮಂದಿ ಉಳಿದಿದ್ದಾರೆ?

ತಪ್ಪೆಲ್ಲ ಯಂತ್ರದ್ದೆನ್ನಲಾಗದು. ಕಪ್ಪು-ಬಿಳುಪು ಫಿಲ್ಮು ಬೆಳಕಿನ ಹೆಚ್ಚುಕಡಿಮೆಯನ್ನು ಬರೆದಿಡುತ್ತದೆಯೇ ಹೊರತು ಬಣ್ಣದ ಹೆಸರನ್ನಲ್ಲ. ಗಾಢ ಕೆಂಪು, ಗಾಢ ನೀಲಿ, ಗಾಢ ಹಸಿರು ಮೂರೂ ಒಂದೇ ಬೂದುಬಣ್ಣವಾಗಿ ಮೂಡಬಹುದು. ಇನ್ನೂ ಹಿಂದಿನ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳಿಗಂತೂ ಕೆಂಪು ಕಾಣುತ್ತಲೇ ಇರಲಿಲ್ಲ. ಅವುಗಳನ್ನು ಕೆಂಪು ದೀಪದ ಕೋಣೆಯಲ್ಲಿ ತೊಳೆಯಲಾಗುತ್ತಿದ್ದುದು ಅದರಿಂದಲೇ. ಅವುಗಳಲ್ಲಿ ಕೆಂಪಂಗಿ ಕಪ್ಪಗೆ, ತಿಳಿನೀಲಿ ಬೆಳ್ಳಗೆ ಬೀಳುತ್ತಿತ್ತು.

ಇಂದಿನ ಕಂಪ್ಯೂಟರು ರಾಶಿರಾಶಿ ಬಣ್ಣದ ಚಿತ್ರಗಳನ್ನು ನೋಡಿ ಕಲಿತದ್ದು. ಹುಲ್ಲು ಹಸಿರು, ಆಕಾಶ ನೀಲಿ ಎಂಬಲ್ಲಿಗೆ ಅದರ ಊಹೆ ಸರಿ. ಆದರೆ ಅಂಗಿಯ ಬಣ್ಣವನ್ನು ಗೊತ್ತುಮಾಡುವುದು ಪ್ರಕೃತಿಯಲ್ಲ, ಆಡುವ ತಂಡ. ಹಿಂದೆ ಸ್ಟುಡಿಯೋದಲ್ಲಿ ಹತ್ತಿ ಸುತ್ತಿದ ಕಡ್ಡಿಯಿಂದ ಪಟಕ್ಕೆ ಬಣ್ಣ ಹಚ್ಚುತ್ತಿದ್ದಾತನೂ ಊಹಿಸುತ್ತಿದ್ದನೆನ್ನಿ, ಆದರೆ “ಸೀರೆ ಯಾವ ಬಣ್ಣದ್ದು, ತಾಯಿ?” ಎಂದು ಕೇಳಲು ಅವನಿಗೆ ಬಾಯಿತ್ತು.

ಹೆಸರಾದವರ ಚಿತ್ರಕ್ಕಾದರೆ ಸಾಕ್ಷಿ ಸಿಗುತ್ತದೆ. ಬೆಂಗಳೂರಿನಲ್ಲಿ ಹುಟ್ಟಿ, ನಮ್ಮಂತೆಯೇ ಊರು ಬಿಟ್ಟು, ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರಲ್ಲೊಬ್ಬರೆನಿಸಿದ ಅಹಮದ್ ಖಾನರ ಅಂಗಿಗೆ ಯಂತ್ರ ಹಸಿರು ಬಳಿದರೆ, ಆ ಕ್ಲಬ್ಬಿನ ಬಣ್ಣ ಕೆಂಪು-ಹೊನ್ನು ಎಂದು ತಿದ್ದಲು ಸಾವಿರ ಜನರಿದ್ದಾರೆ. ಅವರು ಆಡಿದ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿಗೆ 2-1ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಆ ಪಂದ್ಯದ ಚಿತ್ರದಲ್ಲಿ ಬಟ್ಟೆಪಟ್ಟಿ ಸುತ್ತಿದ ಪಾದಕ್ಕೆ ಬೂಟಿನ ಬಣ್ಣ ಬಳಿದುಬಿಟ್ಟರೆ? ಆ ಆಟದ ಹಿರಿಮೆಯೇ ಮಾಯ! ಆದರೂ ಅದನ್ನು ತಿದ್ದಲು ಪುಸ್ತಕಗಳಿವೆ. ಹುಬ್ಬಳ್ಳಿಯ ಆ ಹನ್ನೊಂದು ಮಂದಿಗೆ ಯಾವ ಪುಸ್ತಕವಿದೆ? ಅಗಸೆಕಲ್ಲಿನ ಮೇಲೆ ಅಂಗಿ ಒಗೆದ ಆ ತಾಯಿಯ ನೆನಪೊಂದೇ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಇನ್ನಷ್ಟು ಅನ್ವಯಿಸುವ ಮಾತು. ಟ್ರಂಕಿನೊಡನೆ ಚಿತ್ರ ಬಂದಿತು. ಅದನ್ನು ಬಲ್ಲವರು ಬಹುಮಟ್ಟಿಗೆ ಊರಲ್ಲೇ ಉಳಿದರು. ಆದಕಾರಣ ವಾಚಕರಲ್ಲಿ ನಮ್ಮ ವಿನಂತಿಯಿಷ್ಟೆ: ಬಣ್ಣ ಹಾಕಿರಿ, ಬೇಡವೆನ್ನುವುದಿಲ್ಲ. ಆದರೆ ಮೂಲಚಿತ್ರವನ್ನು ಮುಟ್ಟದೆ ಹಾಗೆಯೇ ಇಡಿರಿ. ಬಣ್ಣಕ್ಕೆ ಮೊದಲು ಮನೆಯ ಹಿರಿಯರ ಬಳಿ ಒಂದು ಗಂಟೆ ಕುಳಿತು ಕೇಳಿರಿ. ಹೆಸರು, ಊರು, ವರ್ಷ, ಅಂಗಿಯ ಬಣ್ಣ ಎಲ್ಲವನ್ನೂ ಚಿತ್ರದ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದಿಡಿರಿ. ಗೊತ್ತಾಗದಿದ್ದರೆ ಬಣ್ಣದ ಪ್ರತಿಯ ಕೆಳಗೆ ‘ಬಣ್ಣ ಊಹೆಯದು’ ಎಂದು ಬರೆಯಲು ನಾಚಬೇಡಿರಿ.

ಮೊಮ್ಮಗ ಮರುವಾರವೇ ಅಂಗಿಗಳಿಗೆ ಕೆಂಪು ಹಾಕಿಸಿ ಅಜ್ಜಿಗೆ ತೋರಿಸಿದನಂತೆ. ಆಕೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಸರಿ, ಇನ್ನೂ ಸ್ವಲ್ಪ ಮಾಸಿರಲಪ್ಪ,” ಎಂದರಂತೆ. “ಎಷ್ಟು ಸಲ ಒಗೆದಿದ್ದೇನೆ!”