ಪಾಲಕ್‌ಗೆ ಜೂನ್ ಬೇಡ
ಲಂಡನ್ನಿನ ಹಿತ್ತಿಲಲ್ಲಿ ಪಾಲಕ್ ಬೀಜ ಹಾಕುವ ನಮ್ಮವರು ಬಿಸಿಲೇರಲೆಂದು ಜೂನ್‌ವರೆಗೆ ಕಾಯಬಾರದು. ಅಲ್ಲಿ ಈ ಸೊಪ್ಪನ್ನು ಕೆಡಿಸುವುದು ಸೆಕೆಗಿಂತ ಹೆಚ್ಚಾಗಿ ಹಗಲಿನ ಉದ್ದ. ಬೆಂಗಳೂರಿನ ಅತಿ ದೀರ್ಘ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಲಂಡನ್ನಿನದು 16 ಗಂಟೆ ದಾಟುತ್ತದೆ. ಹಗಲು ಸುಮಾರು 14 ಗಂಟೆ ಮೀರಿತೆಂದರೆ ಗಿಡ ನಡುವಿನಿಂದ ಹೂದಂಟು ಎತ್ತುತ್ತದೆ, ಎಲೆ ಚೂಪಾಗಿ ಕಹಿಯಾಗುತ್ತದೆ. ನೀರು, ನೆರಳು ಕೊಟ್ಟರೆ ಸಾಲದೇ ಎನ್ನಬಹುದು. ಅವು ಹೂವನ್ನು ಕೆಲವು ದಿನ ಮುಂದೂಡುತ್ತವೆ, ಅಷ್ಟೇ. ಮಾರ್ಚ್‌ನಲ್ಲೊಮ್ಮೆ, ಆಗಸ್ಟ್ ಕೊನೆಗೊಮ್ಮೆ 2 ಸೆಂಟಿಮೀಟರ್ ಆಳಕ್ಕೆ ಬಿತ್ತಿದರೆ ಸೊಪ್ಪು ಕೈತುಂಬ ಸಿಗುತ್ತದೆ. ಆಗಸ್ಟ್‌ನ ಬೆಳೆಗೆ ಸ್ವಲ್ಪ ಹೊದಿಕೆಯಿದ್ದರೆ ಚಳಿಗಾಲವನ್ನೂ ತಡೆದುಕೊಳ್ಳುತ್ತದೆ. ಹಾಗಾದರೆ ಬೇಸಿಗೆಯಲ್ಲಿ ಮಡಿ ಖಾಲಿ ಬಿಡಬೇಕೇ? ಬೇಕಿಲ್ಲ, ಅದು ಹರಿವೆಯ ಕಾಲ. ಕೆರಿಬಿಯನ್ ಮೂಲದ ಲಂಡನ್ನಿಗರೂ ಅದನ್ನೇ ಕಲಲೂ ಎಂದು ಬೆಳೆಯುತ್ತಾರೆ.