ಚಂದ್ರಿಯನ್ನು ಓದದ ವಿಮರ್ಶೆ

'ಸಂಸ್ಕಾರ' ಕಾದಂಬರಿ 1965ರಲ್ಲಿ ಬಂತು. ಅಂದಿನಿಂದ ನಮ್ಮ ವಿಮರ್ಶೆ ಪ್ರಾಣೇಶಾಚಾರ್ಯರ ಹಿಂದೆಯೇ ಅಲೆಯುತ್ತಿದೆ. ಅವರ ದ್ವಂದ್ವ, ಅವರ ಅಸ್ತಿತ್ವದ ಪ್ರಶ್ನೆ, ಅವರ ಆಯ್ಕೆ. ನೆಟ್ ಪರೀಕ್ಷೆಗೆ ಓದುವವರ ನೋಟ್ಸಿನಲ್ಲೂ ಅದೇ. ಸಾವಿನೆದುರು ಧರ್ಮ ಸೋತ ಕಥೆ ಇದು ಎಂದು ತರಗತಿಯಲ್ಲಿ ಹೇಳಿ ಮುಗಿಸುತ್ತೇವೆ. ಈ ಓದನ್ನು ನಾನು ಒಪ್ಪುವುದಿಲ್ಲ.

ಸೋತದ್ದು ಯಾರ ಧರ್ಮ? ನಾರಣಪ್ಪನ ಹೆಣ ಕೊಳೆಯುತ್ತಿರುವಾಗ ಆಚಾರ್ಯರು ಗ್ರಂಥ ತಿರುವುತ್ತಾರೆ, ಮಾರುತಿ ಗುಡಿಯಲ್ಲಿ ಅಪ್ಪಣೆಗೆ ಕಾಯುತ್ತಾರೆ. ಚಂದ್ರಿ ಖರ್ಚಿಗೆಂದು ಒಡವೆ ಬಿಚ್ಚಿ ಇಡುತ್ತಾಳೆ. ಅಗ್ರಹಾರದ ಕಣ್ಣು ಹೆಣ ಬಿಟ್ಟು ಒಡವೆಗೆ ಹೋಗುತ್ತದೆ. ಕೊನೆಗೆ ರಾತ್ರಿ ಅವಳೇ ಅಹಮದ್ ಬ್ಯಾರಿಯನ್ನು ಕರೆತಂದು, ಯಾರಿಗೂ ತಿಳಿಯದಂತೆ ಹೆಣ ಸುಡಿಸುತ್ತಾಳೆ. ಸತ್ತವನನ್ನು ಹಾಗೇ ಬಿಡಬಾರದು ಎಂಬ ನಂಬಿಕೆ ಆ ಊರಿನಲ್ಲಿ ಉಳಿದಿದ್ದು ಅವಳಲ್ಲಿ, ಮೀನು ಮಾರುವ ಆ ಮುಸಲ್ಮಾನನಲ್ಲಿ. ಆದರೆ ವಿಮರ್ಶೆ ಅವಳನ್ನು ಆಚಾರ್ಯರ ಬದುಕು ತಿರುಗಿಸಿದ ಹೆಣ್ಣು ಎಂದಷ್ಟೇ ಓದುತ್ತದೆ.

ನಂಬಿಕೆ ಎಂದರೆ ಶಾಸ್ತ್ರ ಎಂದುಕೊಂಡದ್ದರಿಂದಲೇ ಈ ಎಡವಟ್ಟು. ನಮ್ಮ ಬೆಳ್ಳೂರು ಕಡೆ ಸಾವಾದರೆ ಶ್ಲೋಕ ಹುಡುಕುವವರು ಕಡಿಮೆ. ಗುಂಡಿ ಯಾರು ತೋಡುತ್ತಾರೆ, ಹಾಲುತುಪ್ಪಕ್ಕೆ ಯಾರು ಬರುತ್ತಾರೆ, ತಿಥಿಗೆ ಅಕ್ಕಿ ಎಷ್ಟು ಬೇಕು, ಪಶ್ಚಿಮವಾಹಿನಿಗೆ ಹೋಗಲು ಗಾಡಿ ಯಾರದು ಎಂಬುದೇ ಮಾತು. ಸೆಮಿನಾರಿನಲ್ಲಿ ಇದಕ್ಕೆ ಎರಡೇ ಹೆಸರು: ಮೌಢ್ಯ, ಇಲ್ಲವೇ ಜಾನಪದ. ಅಳುವವರ ನಂಬಿಕೆ ಅಂತ ಯಾರೂ ಬರೆಯುವುದಿಲ್ಲ.

ಇದರಲ್ಲಿ ಜಾತಿ ಇಲ್ಲವೇ ಎನ್ನುತ್ತೀರಿ. ಇದೆ, ಧಾರಾಳವಾಗಿ ಇದೆ. ತಮಟೆ ಬಡಿದವನಿಗೆ ದೂರ ಕೂರಿಸಿ ಬಡಿಸುವ ಊರುಗಳನ್ನು ನಾನೂ ಬಲ್ಲೆ. ಅದರ ವಿರುದ್ಧ ಬರೆಯೋಣ. ಆದರೆ ಜಾತಿಯನ್ನು ಬೈಯುವ ಭರದಲ್ಲಿ ಸತ್ತವರಿಗೆ ಏನೋ ಸಲ್ಲಬೇಕು ಎಂಬ ಹಂಬಲವನ್ನೇ ಮೌಢ್ಯದ ಲೆಕ್ಕಕ್ಕೆ ಬರೆದರೆ, 2021ರ ಜೂನ್ ತಿಂಗಳಿಗೆ ನಾವು ಏನು ಹೇಳುತ್ತೇವೆ? ಕೋವಿಡ್‌ನಿಂದ ಸತ್ತು, ಯಾರೂ ಒಯ್ಯದೆ ಉಳಿದಿದ್ದ ನೂರಾರು ಮಂದಿಯ ಅಸ್ಥಿಯನ್ನು ನಮ್ಮದೇ ಜಿಲ್ಲೆಯ ಬೆಳಕವಾಡಿ ಬಳಿ ಕಂದಾಯ ಸಚಿವರು ನಿಂತು ಕಾವೇರಿಗೆ ಬಿಟ್ಟರು. ಸರ್ಕಾರಕ್ಕೂ ಆ ಕುಡಿಕೆಗಳನ್ನು ಸುಮ್ಮನೆ ಬಿಸಾಡಲು ಆಗಲಿಲ್ಲ. ಅದು ಮೌಢ್ಯವೋ?

ಭೈರಪ್ಪನವರ 'ಗೃಹಭಂಗ'ದ ಊರು ನಮಗೆ ಇನ್ನೂ ಹತ್ತಿರ. ತಿಪಟೂರು, ಚನ್ನರಾಯಪಟ್ಟಣದ ಸೀಮೆ, ಇದೇ ರಾಗಿಹೊಲದ ಬಯಲು. ಪ್ಲೇಗು ನಂಜಮ್ಮನ ಮಕ್ಕಳನ್ನು ಒಯ್ಯುತ್ತದೆ, ಆಮೇಲೆ ಅವಳನ್ನೂ. ಭೈರಪ್ಪನವರ ನಿಲುವುಗಳ ಬಗ್ಗೆ ನನಗೆ ಜಗಳವಿದೆ, ಅದು ಬೇರೆ ಮಾತು. ಆದರೆ ಉಳಿದ ಹುಡುಗ ವಿಶ್ವನನ್ನು ಕೊನೆಯಲ್ಲಿ ಅಪ್ಪ ನೋಡಿಕೊಳ್ಳುವುದಿಲ್ಲ, ಪುರೋಹಿತರೂ ಇಲ್ಲ. ಅವನ ಕೈ ಹಿಡಿದು ಊರು ಬಿಡುವವರು ಭಿಕ್ಷೆ ಬೇಡಿ ಬದುಕುವ ಮಹಾದೇವಯ್ಯನವರು.